ನನ್ನ ಡಬ್ಬಿಯ ಮೂರು ಮಾತ್ರೆ, ನಾನು ಮಾರದ ಒಂದು ಬಳ್ಳಿ

ಮಿಕ್ಸಿಗೆ ರಿವ್ಯೂ ಇದೆ, ಚಪ್ಪಲಿಗೆ ಇದೆ, ಬಸ್‌ಸ್ಟ್ಯಾಂಡಿನ ಪಕ್ಕದ ಕಬ್ಬಿನ ಹಾಲಿನ ಗಾಡಿಗೂ ಯಾರೋ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ. ಪ್ರೆಡ್ನಿಸೋಲೋನ್ ಮಾತ್ರೆಯ ಬಗ್ಗೆ ಕನ್ನಡದಲ್ಲಿ ಒಬ್ಬರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ, ಡಿ.ಫಾರ್ಮಾ ಓದಿದವಳು. ಈ ಮಾತ್ರೆಗಳನ್ನು ಕೌಂಟರಿನ ಒಳಗೆ ನಿಂತು ಎಣಿಸಿ ಕೊಟ್ಟದ್ದೂ ಉಂಟು, ನನ್ನದೇ ಚೀಟಿ ಮುಂದಿಟ್ಟುಕೊಂಡು ಬಾಯಿಗೆ ಹಾಕಿಕೊಂಡದ್ದೂ ಉಂಟು. ಕೋವಿಡ್ಡಿಗೂ ಮುಂಚಿನಿಂದ ನನಗೆ ಆಟೋಇಮ್ಯೂನ್ ಹೆಪಟೈಟಿಸ್ ಇದೆ. ಲಿವರನ್ನು ಕೆಡಿಸುತ್ತಿದ್ದದ್ದು ವೈರಸ್ಸೂ ಅಲ್ಲ, ಹೆಂಡವೂ ಅಲ್ಲ, ನನ್ನದೇ ಬಿಳಿ ರಕ್ತಕಣಗಳು.

ಇದನ್ನು ಓದಿ ಯಾರೂ ತಮ್ಮ ಡೋಸ್ ಬದಲಿಸಬೇಡಿ. ಹಾಗೆ ಮಾಡಿಕೊಂಡು ನನ್ನ ಅಂಗಡಿಗೆ ಬಂದರೆ ಬೈಸಿಕೊಂಡೇ ಹೋಗುತ್ತೀರಿ.

ಮಾತ್ರೆಗೆ ಹೋಗುವ ಮುಂಚೆ ಪರೀಕ್ಷೆಯ ಬಗ್ಗೆ ಹೇಳಬೇಕು, ಅಲ್ಲಿ ದುಡ್ಡು ದಂಡವಾದದ್ದು ಇನ್ನೂ ಹೊಟ್ಟೆಯಲ್ಲಿದೆ. ಸುಸ್ತು, ಊಟ ಸೇರದು, ಕಣ್ಣು ಹಳದಿ, ಲಿವರ್ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಟುನೂರರ ಮೇಲೆ. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ. ಡಾಕ್ಟರು ಆಟೋಇಮ್ಯೂನ್ ಇರಬಹುದೆಂದು ಪರೀಕ್ಷೆ ಬರೆದರು. ರಕ್ತ ತೆಗೆದುಕೊಂಡ ಲ್ಯಾಬಿನವರು ತಮ್ಮ 'ಆಟೋಇಮ್ಯೂನ್ ಲಿವರ್ ಪ್ಯಾಕೇಜ್' ಮಾಡಿ ಕಳಿಸಿದರು: ಎಲ್ಲವೂ ನೆಗೆಟಿವ್. ಆ ಪ್ಯಾಕೇಜು ಎಂದರೆ ಬೆರಳಿನಷ್ಟು ಉದ್ದದ ಒಂದು ತೆಳು ಪಟ್ಟಿ. ಅದರ ಮೇಲೆ ಎಂ2, ಎಲ್‌ಕೆಎಂ-1, ಎಲ್‌ಸಿ-1, ಎಸ್‌ಎಲ್‌ಎ ಎಂದು ಬೇರೆ ಬೇರೆ ಪ್ರೋಟೀನುಗಳನ್ನು ಗೆರೆಗೆರೆಯಾಗಿ ಅಂಟಿಸಿರುತ್ತಾರೆ. ನಮ್ಮ ರಕ್ತದಲ್ಲಿ ಅದಕ್ಕೆ ಸರಿಹೊಂದುವ ಪ್ರತಿಕಾಯ ಇದ್ದರೆ ಆ ಗೆರೆ ಬಣ್ಣ ಹಿಡಿಯುತ್ತದೆ. ಒಳ್ಳೆಯ ವಿಧಾನವೇ. ಆದರೆ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಮೊದಲನೇ ಬಗೆಯ ಆಟೋಇಮ್ಯೂನ್ ಹೆಪಟೈಟಿಸ್. ಅದರಲ್ಲಿ ಮುಖ್ಯವಾಗಿ ಹುಡುಕಬೇಕಾದ ಎಎನ್‌ಎ ಮತ್ತು ಎಸ್‌ಎಂಎ ಎಂಬ ಎರಡು ಪ್ರತಿಕಾಯಗಳಿಗೆ ಹಳೇ ವಿಧಾನವೇ ಸರಿ. ಇಲಿಯ ಕಿಡ್ನಿ, ಜಠರ, ಲಿವರ್‌ಗಳ ತೆಳು ಹೋಳಿನ ಮೇಲೆ ನಮ್ಮ ಸೀರಂ ಹಾಕಿ, ಫ್ಲೋರೊಸೆಂಟ್ ಮೈಕ್ರೋಸ್ಕೋಪಿನಲ್ಲಿ ಹಸಿರು ಹೊಳಪು ಹುಡುಕಬೇಕು. ಕಣ್ಣು ಪಳಗಿದವರೇ ನೋಡಬೇಕು, ಎಷ್ಟು ಪಟ್ಟು ನೀರು ಮಾಡಿದರೂ ಹೊಳೆಯುತ್ತದೆ ಎಂದು ಬರೆಯಬೇಕು, ಟೈಟರ್ ಎಂದರೆ ಅದೇ. ಬೇರೆ ಕಡೆ ಅದನ್ನು ಮಾಡಿಸಿದಾಗ ಎಎನ್‌ಎ 1:320 ಬಂತು, ಎಸ್‌ಎಂಎ 1:160. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ, ಇರಬೇಕಾದ ಮೇಲಿನ ಮಿತಿಯ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಪಟ್ಟಿ ಮಾತ್ರ ನೆಗೆಟಿವ್ ಎನ್ನುತ್ತಿತ್ತು.

ಆದ್ದರಿಂದ ಲ್ಯಾಬಿಗೆ ಹೋದಾಗ ಒಂದೇ ಮಾತು ಕೇಳಿ: 'ಇದು ಪಟ್ಟಿಯದೋ, ಮೈಕ್ರೋಸ್ಕೋಪಿನದೋ? ಟೈಟರ್ ಬರೆಯುತ್ತೀರೋ?' ಉತ್ತರ ಗೊತ್ತಿಲ್ಲದ ಹುಡುಗ ಮುಖ ಮುಖ ನೋಡಿದರೆ ಒಳಗಿರುವವರನ್ನು ಕರೆಯಲು ಹೇಳಿ. ಬಯಾಪ್ಸಿಗೆ ಹೆದರುವವರು ಬಹಳ. ಪಕ್ಕೆಲುಬಿನ ನಡುವೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಉಸಿರು ಬಿಗಿಹಿಡಿಯಲು ಹೇಳಿ, ಟಕ್ ಎಂದು ಸೂಜಿ ಹಾಕಿ ತೆಗೆದರು. ಫಾರ್ಮಲಿನ್ ಬಾಟಲಿಯಲ್ಲಿ ಕಂದು ಬಣ್ಣದ ಒಂದು ಎಳೆ ತೇಲುತ್ತಿತ್ತು, ಅಷ್ಟೇ. ನೋವಿಗಿಂತ ಆಮೇಲೆ ಅಲ್ಲಾಡದೆ ಮಲಗಿರುವುದೇ ಬೇಜಾರು. ರಿಪೋರ್ಟಿನಲ್ಲಿ ಇಂಟರ್‌ಫೇಸ್ ಹೆಪಟೈಟಿಸ್ (ರಕ್ತನಾಳಗಳ ಸುತ್ತಲಿಂದ ಉರಿಯೂತ ಲಿವರ್ ಕೋಶಗಳ ಅಂಚಿಗೆ ನುಗ್ಗಿರುವುದು), ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶಗಳು ತುಂಬಾ ಎಂದಿತ್ತು. ಪ್ರತಿಕಾಯ, ಐಜಿಜಿ, ಬಯಾಪ್ಸಿ, ವೈರಸ್ ಇಲ್ಲದಿರುವುದು, ಈ ನಾಲ್ಕಕ್ಕೂ ಅಂಕ ಕೊಟ್ಟು ಕೂಡಿಸುವ ಸರಳ ಲೆಕ್ಕವೊಂದು 2008ರಿಂದ ಬಳಕೆಯಲ್ಲಿದೆ. ಆರು ಬಂದರೆ ಇರಬಹುದು, ಏಳು ಮುಟ್ಟಿದರೆ ಖಂಡಿತ. ನಾನು ಪಾಸಾಗಿದ್ದೆ.

ಮಾತ್ರೆ ಏನು ಮಾಡುತ್ತದೆ ಎಂದು ಹೇಳಬೇಕಾದರೆ ಒಳಗೆ ಏನು ನಡೆಯುತ್ತಿತ್ತು ಎಂದು ಹೇಳಲೇಬೇಕು. ಲಿವರ್ ಸ್ವಭಾವತಃ ಸಾಧು. ಅದಕ್ಕೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ತಿಂದ ಅನ್ನದ ಅಂಶ, ಕರುಳಿನ ಬ್ಯಾಕ್ಟೀರಿಯಾದ ಚೂರುಪಾರು ಎಲ್ಲ ಅದರಲ್ಲೇ. ಅಪರಿಚಿತವಾದದ್ದಕ್ಕೆಲ್ಲ ಎಗರಾಡಿದರೆ ಬದುಕುವುದು ಹೇಗೆ? ಅದಕ್ಕೇ ಅಲ್ಲಿ ಸುಮ್ಮನಿರಿಸುವ ಸಂಕೇತಗಳು ಹೆಚ್ಚು: ಐಎಲ್-10 ಎಂಬ ಸೈಟೋಕೈನು, ಮತ್ತೆ ಟಿ-ರೆಗ್ ಎಂದು ಕರೆಯುವ ನಿಯಂತ್ರಕ ಟಿ ಕೋಶಗಳು (ಟಿ ಕೋಶ ಎಂದರೆ ಬಿಳಿ ರಕ್ತಕಣಗಳ ಒಂದು ಬಗೆ, ಸೈಟೋಕೈನು ಎಂದರೆ ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶ). ಈ ನಿಯಂತ್ರಕ ಕೋಶಗಳ ಮೇಲಿನ ಕೆಲಸಕ್ಕೇ 2025ರ ವೈದ್ಯಕೀಯ ನೊಬೆಲ್ ಬಂದದ್ದು, ಜಪಾನಿನ ಶಿಮೊನ್ ಸಕಗುಚಿ ಮತ್ತು ಅಮೆರಿಕದ ಮೇರಿ ಬ್ರುಂಕೋವ್, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ. ಆ ದಿನ ಅಂಗಡಿಯಲ್ಲಿ ಇದ್ದವರಿಗೆಲ್ಲ ಸುದ್ದಿ ತೋರಿಸಿದೆ. 'ನಿಮ್ಗೆ ಎಂತಕ್ಕೆ ಅಕ್ಕಾ ಇಷ್ಟು ಖುಷಿ?' ಎಂದ ನಮ್ಮ ಅಂಗಡಿ ಹುಡುಗ. ನನ್ನ ಕಾಯಿಲೆಯ ಮೂಲ ಅಲ್ಲೇ ಇದೆಯಲ್ಲ, ಅದಕ್ಕೆ. ಈ ರೋಗದಲ್ಲಿ ನಿಯಂತ್ರಕ ಕೋಶಗಳು ಸಂಖ್ಯೆಯಲ್ಲೇ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಸಂಖ್ಯೆ ಸರಿಯಿದೆ, ಕೆಲಸ ಸರಿಯಿಲ್ಲ ಎಂದು ಮತ್ತೆ ಕೆಲವು ಹೇಳುತ್ತವೆ. ಹೇಗೂ ಹಿಡಿದು ನಿಲ್ಲಿಸುವವರು ಸಾಲುತ್ತಿಲ್ಲ.

ಇನ್ನು ದಾಳಿ ಮಾಡುವ ಟಿ ಕೋಶ. ಅದನ್ನು ಎಬ್ಬಿಸಲು ಬ್ಯಾಂಕ್ ಲಾಕರಿನ ಹಾಗೆ ಎರಡು ಕೀಲಿ ಬೇಕು. ಮೊದಲನೆಯದು, ಇನ್ನೊಂದು ಕೋಶ ತನ್ನ ಎಚ್‌ಎಲ್‌ಎ ಎಂಬ ತಟ್ಟೆಯ ಮೇಲೆ ಪ್ರೋಟೀನಿನ ತುಣುಕೊಂದನ್ನು ಇಟ್ಟು ತೋರಿಸಬೇಕು. ಯುರೋಪಿನ ರೋಗಿಗಳಲ್ಲಿ ಡಿಆರ್3, ಡಿಆರ್4 ಎಂಬ ತಟ್ಟೆಗಳಿರುವವರಿಗೆ ಅಪಾಯ ಹೆಚ್ಚು ಎಂದು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಎರಡನೆಯದು, ಟಿ ಕೋಶದ ಸಿಡಿ28 ಎಂಬ ಅಣುವಿಗೆ ಎದುರಿನ ಕೋಶದ ಬಿ7 ಬಂದು ಕೂಡಬೇಕು. ಒಂದೇ ಕೀಲಿ ತಿರುಗಿದರೆ ಟಿ ಕೋಶ ಜಡವಾಗಿಬಿಡುತ್ತದೆ. ಎರಡೂ ತಿರುಗಿದರೆ ಎದ್ದು, ಐಎಲ್-2 ಸುರಿಸಿಕೊಂಡು ಒಂದು ಹತ್ತಾಗಿ, ಹತ್ತು ಸಾವಿರವಾಗಿ ಬೆಳೆಯುತ್ತದೆ. ಸುತ್ತ ಐಎಲ್-12 ಇದ್ದರೆ ಅದು ಟಿಎಚ್1 ಆಗಿ ಇಂಟರ್‌ಫೆರಾನ್ ಗಾಮಾ ಬಿಡುತ್ತದೆ. ಐಎಲ್-4 ಕಡೆಗೆ ತಿರುಗಿದರೆ ಬಿ ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ ಕಾರುತ್ತವೆ. ನನ್ನ ಐಜಿಜಿ ಏರಿದ್ದು ಅಲ್ಲಿಂದ. ಇದರಲ್ಲಿ ಕೆಟ್ಟ ತಿರುವು ಇಂಟರ್‌ಫೆರಾನ್ ಗಾಮಾದ್ದು. ಅದು ಬಿದ್ದ ಲಿವರ್ ಕೋಶ ತಾನೇ ಹೆಚ್ಚು ಹೆಚ್ಚು ತಟ್ಟೆಗಳನ್ನು ಎತ್ತಿ ತೋರಿಸತೊಡಗುತ್ತದೆ, ಆಗ ಇನ್ನಷ್ಟು ಟಿ ಕೋಶಗಳು ಬರುತ್ತವೆ. ಜಗಳ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಪಕ್ಕದಲ್ಲಿ ಟಿಜಿಎಫ್ ಬೀಟಾ ಎಂಬ ಸಂಕೇತ ಸಿಕ್ಕಿದ ಸ್ಟೆಲೇಟ್ ಕೋಶಗಳು ಕಲೆಯ ನಾರು ನೇಯುತ್ತಾ ಕೂತಿರುತ್ತವೆ. ವರ್ಷಾನುಗಟ್ಟಲೆ ನೇಯಲು ಬಿಟ್ಟರೆ ಸಿರೋಸಿಸ್.

ಫಾರ್ಮಸಿಯವಳಾಗಿ ನನಗೆ ತಮಾಷೆ ಅನಿಸುವುದು ಮಕ್ಕಳಲ್ಲಿ ಹೆಚ್ಚು ಕಾಣುವ ಎರಡನೇ ಬಗೆ. ಅದರಲ್ಲಿ ರೋಗನಿರೋಧಕ ವ್ಯವಸ್ಥೆ ಶತ್ರು ಎಂದುಕೊಳ್ಳುವುದು ಸಿವೈಪಿ2ಡಿ6 ಎಂಬ ಕಿಣ್ವವನ್ನು. ನಾವು ದಿನಾ ಮಾರುವ ಮೆಟೊಪ್ರೊಲಾಲ್, ಕೋಡೀನ್ ಎಲ್ಲ ಲಿವರಿನಲ್ಲಿ ಮಾರ್ಪಾಡಾಗುವುದು ಅದೇ ಕಿಣ್ವದಿಂದ. ಪಾಪ, ಮನೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವವರ ಮೇಲೇ ಕಣ್ಣು.

ಈಗ ಮೊದಲನೇ ಮಾತ್ರೆ, ಪ್ರೆಡ್ನಿಸೋಲೋನ್. ವೈಸೊಲೋನ್, ಓಮ್ನಾಕಾರ್ಟಿಲ್ ಎಂದರೆ ನಿಮಗೆ ಬೇಗ ಗುರುತು ಸಿಗಬಹುದು. ನನಗೆ ಬೆಳಗಿನ ತಿಂಡಿಯ ನಂತರ 40 ಮಿಲಿಗ್ರಾಂನಿಂದ ಶುರು ಮಾಡಿದರು. ಶುರುವಿಗೆ ಮುಂಚೆ ಹೆಪಟೈಟಿಸ್ ಬಿ ಹಳೆಯದೇನಾದರೂ ಅಡಗಿದೆಯೋ, ಟಿಬಿ ಇದೆಯೋ ಎಂದು ಇನ್ನೊಮ್ಮೆ ಜಾಲಾಡಿದರು. ನಿರೋಧಕ ಶಕ್ತಿ ತಗ್ಗಿಸಿದರೆ ಅವೆರಡೂ ತಲೆ ಎತ್ತುತ್ತವೆ. ರುಚಿ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಕಹಿ. ನಾಲಿಗೆಯ ಹಿಂಭಾಗಕ್ಕೆ ತಾಗಿತೋ, ಮಧ್ಯಾಹ್ನದ ಅಪ್ಪೆಹುಳಿಯಲ್ಲೂ ಅದೇ ರುಚಿ. ನೀರು ಬಾಯಲ್ಲಿ ತುಂಬಿಕೊಂಡು ಆಮೇಲೆ ಮಾತ್ರೆ ಹಾಕಿಕೊಳ್ಳಬೇಕು, ಉಲ್ಟಾ ಅಲ್ಲ.

ಕೆಲಸದ ವಿಷಯಕ್ಕೆ ಬಂದರೆ, ಇಷ್ಟು ಕಡಿಮೆ ಬೆಲೆಗೆ ಇಷ್ಟು ಕೆಲಸ ಮಾಡುವ ವಸ್ತು ನನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ. ಒಂದು ಸ್ಟ್ರಿಪ್ಪಿಗೆ ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಕಡಿಮೆ. ಎರಡು ವಾರದಲ್ಲಿ ನನ್ನ ಎಸ್‌ಜಿಪಿಟಿ ಅರ್ಧಕ್ಕಿಂತ ಕೆಳಗೆ ಬಂತು, ಕಣ್ಣಿನ ಹಳದಿ ತೊಳೆದುಹೋಯಿತು. ಈ ಅಣು ನೇರ ಕೋಶದೊಳಗೆ ನುಗ್ಗುತ್ತದೆ, ಅಲ್ಲಿ ತನ್ನ ಗ್ರಾಹಕವನ್ನು ಹಿಡಿದುಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ, ಎನ್‌ಎಫ್ ಕಪ್ಪಾ-ಬಿ ಎಂಬ ಮುಖ್ಯ ಸ್ವಿಚ್ಚನ್ನು ಅದುಮುತ್ತದೆ. ಉರಿಯೂತದ ಸೈಟೋಕೈನುಗಳಲ್ಲಿ ಬಹಳಷ್ಟಕ್ಕೆ, ಟಿಎನ್‌ಎಫ್, ಐಎಲ್-6, ಐಎಲ್-12 ಎಲ್ಲದಕ್ಕೂ, ಅಪ್ಪಣೆ ಹೊರಡುವುದು ಅಲ್ಲಿಂದಲೇ. ಅದಕ್ಕೇ ಒಂದೇ ಮಾತ್ರೆ ಇಷ್ಟೆಲ್ಲ ಬಾಯಿಗಳನ್ನು ಒಟ್ಟಿಗೆ ಮುಚ್ಚಿಸುತ್ತದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ಅವರ ತಂಡ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರೆಡ್ನಿಸೋಲೋನ್ ಕೊಟ್ಟವರಲ್ಲಿ ಸತ್ತವರು ನೂರಕ್ಕೆ 14, ಕೊಡದವರಲ್ಲಿ 56. ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು 1950ರಲ್ಲಿ. ಅಲ್ಲಿಂದ ಇಪ್ಪತ್ತು ವರ್ಷ ಎಷ್ಟು ಜನ ಸುಮ್ಮನೆ ಹೋದರೋ ಎಂದು ಈ ಸ್ಟ್ರಿಪ್ ಒಡೆಯುವಾಗ ಆಗಾಗ ನೆನಪಾಗುತ್ತದೆ.

ಆದರೆ ಬಾಯಿ ಮುಚ್ಚಿಸುವ ಮಾತ್ರೆಗೆ ಲಿವರ್ ಯಾವುದು, ಉಳಿದ ಮೈ ಯಾವುದು ಎಂಬ ವಿವೇಚನೆ ಇಲ್ಲ. ಹಸಿವು ಅಂದರೆ ಅದೊಂದು ಬೇರೆಯದೇ ಹಸಿವು. ರಾತ್ರಿ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಉಳಿದ ದೋಸೆ ಹಿಟ್ಟು ಹೊಯ್ದುಕೊಂಡು ತಿನ್ನುತ್ತಿದ್ದೆ. ನಿದ್ರೆ ಬಾರದು. ಬೆಳಗಿನ ಜಾವ ಮೂರಕ್ಕೆ ಎದ್ದು ಅಂಗಡಿಯ ಬಾಗಿಲು ಅರ್ಧ ಎತ್ತಿ, ಆಂಟಿಬಯಾಟಿಕ್ಕಿನ ಕಪಾಟನ್ನು ಅಕ್ಷರಕ್ರಮದಲ್ಲಿ ಜೋಡಿಸಿದ್ದೇನೆ. ಕಪಾಟು ಇವತ್ತಿಗೂ ಹಾಗೇ ಇದೆ, ಅದೊಂದು ಲಾಭ. ಮುಖ ದುಂಡಗಾಯಿತು. ಬಂದವರೆಲ್ಲ 'ಅಕ್ಕ ಈಗ ಚೆನ್ನಾಗಾಗಿದ್ದೀರಿ, ಮೈ ಕೈ ತುಂಬಿಕೊಂಡಿದ್ದೀರಿ' ಎನ್ನುವುದು. ಅವರಿಗೆ ಏನು ಹೇಳುವುದು? ಸಕ್ಕರೆ ಏರಿತು. ಸಿಟ್ಟು ಮೂಗಿನ ತುದಿಯಲ್ಲೇ. ನಮ್ಮೆಜಮಾನ್ರು ಕೆಲವು ತಿಂಗಳು 'ಹೌದು', 'ಆಯ್ತು' ಎರಡೇ ಶಬ್ದದಲ್ಲಿ ಸಂಸಾರ ಮಾಡಿದರು.

ಇದನ್ನು ಬೇಜಾರೆಂದು ಒಮ್ಮೆಲೇ ಬಿಡುವ ಹಾಗೂ ಇಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ನಮ್ಮ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿರುತ್ತದೆ, ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಚೀಟಿಯ ಪ್ರಕಾರ ಇಳಿಸಬೇಕು: ನಲವತ್ತು, ಮೂವತ್ತು, ಇಪ್ಪತ್ತು, ಆಮೇಲೆ ಇನ್ನೂ ಸಣ್ಣ ಹೆಜ್ಜೆ. ಇಲ್ಲಿ ತಯಾರಕರೆಲ್ಲರ ಮೇಲೂ ನನ್ನದೊಂದು ದೂರು. 5, 10, 20 ಮಿಲಿಗ್ರಾಂ ಸ್ಟ್ರಿಪ್ಪುಗಳನ್ನು ಒಂದೇ ತಾಯಿಯ ಮಕ್ಕಳ ಹಾಗೆ ಮಾಡಿ ಬಿಡುತ್ತಾರೆ. ಕನ್ನಡಕ ಮರೆತು ಬಂದ ಅಜ್ಜಿಗೆ ಐದು ಯಾವುದು ಇಪ್ಪತ್ತು ಯಾವುದು ಎಂದು ತಿಳಿಯುವುದು ಹೇಗೆ? ನಾನು ಮಾರ್ಕರಿನಲ್ಲಿ ದೊಡ್ಡದಾಗಿ ಅಂಕಿ ಬರೆದೇ ಕೊಡುವುದು. ಕೆಲಸಕ್ಕೆ ಐದು ಸ್ಟಾರ್, ಜೊತೆಯಲ್ಲಿ ಬಾಳುವುದಕ್ಕೆ ಒಂದು.

ಎರಡನೆಯದು ಅಜಥಯೋಪ್ರಿನ್, 50 ಮಿಲಿಗ್ರಾಂ. ಅಜೋರಾನ್, ಇಮ್ಯುರಾನ್ ಎಂದು ಬರುತ್ತದೆ. ಇದು ಪ್ರೆಡ್ನಿಸೋಲೋನಿನ ಹಾಗೆ ಬಂದ ದಿನವೇ ಮನೆ ಯಜಮಾನಿಕೆ ವಹಿಸುವ ಜಾತಿಯಲ್ಲ. ಪೂರ್ತಿ ಕೆಲಸಕ್ಕೆ ಬರಲು ಒಂದೆರಡು ತಿಂಗಳೋ ಹೆಚ್ಚೋ ಬೇಕು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುತ್ತದೆ. ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆಯ ಹೊತ್ತು ನಿದ್ರೆಯಲ್ಲಿ ಕಳೆಯುತ್ತದೆ, ಡಾಕ್ಟರನ್ನು ಕೇಳಿಕೊಂಡೇ ನಾನು ಹಾಗೆ ಮಾಡಿದ್ದು.

ಈ ಮಾತ್ರೆ ನನಗೆ ಪ್ರಿಯವಾದದ್ದು ಅದರ ಉಪಾಯದಿಂದ. ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1957ರಲ್ಲಿ ಇದನ್ನು ತಯಾರಿಸಿದರು. ಇಂಥ ಔಷಧಿಗಳ ಕೆಲಸಕ್ಕೆ 1988ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾಲು ಬಂತು. ಎಲಿಯನ್ ಪಿಎಚ್‌ಡಿ ಮುಗಿಸಿದವರಲ್ಲ, ಅದನ್ನು ನಮ್ಮ ಡಿಪ್ಲೊಮಾದವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಡಿಎನ್‌ಎ ಕಟ್ಟುವ ಇಟ್ಟಿಗೆಯ ನಕಲಿ ಮಾಲು ಇದು. ವೇಗವಾಗಿ ಒಡೆದು ಬೆಳೆಯುವ ಲಿಂಫೋಸೈಟುಗಳು ನಕಲಿ ಇಟ್ಟಿಗೆ ಸೇರಿಸಿಕೊಂಡು ಅರ್ಧಕ್ಕೇ ನಿಲ್ಲುತ್ತವೆ. ಅಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಮೇಲೆ ಹೇಳಿದ ಎರಡನೇ ಕೀಲಿ, ಸಿಡಿ28, ಅದು ತಿರುಗಿದಾಗ ಒಳಗೆ ಸುದ್ದಿ ಮುಟ್ಟಿಸುವುದು ರ್‍ಯಾಕ್1 ಎಂಬ ಪ್ರೋಟೀನು. ಅಜಥಯೋಪ್ರಿನ್ನಿನಿಂದ ಹುಟ್ಟುವ ನಕಲಿ ಅಣು ಅಸಲಿಯ ಜಾಗದಲ್ಲಿ ರ್‍ಯಾಕ್1ಗೆ ಅಂಟಿಕೊಳ್ಳುತ್ತದೆ. ಆಗ 'ಏಳು, ಬೆಳೆ' ಎಂದು ಹೋಗಬೇಕಿದ್ದ ಸುದ್ದಿ 'ಸಾಯಿ' ಎಂದು ಹೋಗುತ್ತದೆ. ಯಾವ ಟಿ ಕೋಶ ಜಗಳಕ್ಕೆ ಎದ್ದು ಕೀಲಿ ತಿರುಗಿಸಿಕೊಂಡಿತೋ ಅದೇ ಸಾಯುತ್ತದೆ. ಇದನ್ನು ಕಂಡುಕೊಂಡದ್ದು ಮಾತ್ರೆ ಮಾರುಕಟ್ಟೆಗೆ ಬಂದು ಎಷ್ಟೋ ದಶಕಗಳಾದ ಮೇಲೆ, 2003ರಲ್ಲಿ.

ಇದೊಂದನ್ನೇ ಕೊಟ್ಟು ಶುರುವಿನ ಉರಿ ಆರಿಸಲು ಆಗುವುದಿಲ್ಲ ಎಂದು 1970ರ ದಶಕದ ಪ್ರಯೋಗಗಳಲ್ಲೇ ತಿಳಿದಿತ್ತು. ಇದರ ಜಾಗ ಆಮೇಲಿನದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು 1995ರಲ್ಲಿ, ಕಾಯಿಲೆ ಹತೋಟಿಗೆ ಬಂದಿದ್ದ 72 ಜನರಿಗೆ ಸ್ಟೀರಾಯ್ಡ್ ಬಿಡಿಸಿ ಅಜಥಯೋಪ್ರಿನ್ ಮಾತ್ರ ಹೆಚ್ಚಿನ ಡೋಸಿನಲ್ಲಿ ಮುಂದುವರಿಸಿದರು. 60 ಜನ ಹತೋಟಿಯಲ್ಲೇ ಉಳಿದರು. ಅದೇ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸ್ಟೀರಾಯ್ಡ್ ಬಿಟ್ಟಾಗ ಗಂಟು ನೋವು ಬಂದಿತ್ತು. ನನಗೂ ಬಂತು. ಬೆಳಿಗ್ಗೆ ಕೈಬೆರಳು ಮಡಚಲು ಆಗದೆ, ಮಾತ್ರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದೆ. ಸಂಧಿವಾತ ಬಂತೆಂದು ಊರೆಲ್ಲ ಸುತ್ತುವ ಮೊದಲು ಈ ಸಂಗತಿ ಗೊತ್ತಿರಲಿ. ಕೆಲವು ತಿಂಗಳಲ್ಲಿ ತಾನಾಗಿ ಹೋಯಿತು.

ಕಾವಲು ಮಾತ್ರ ಬೇಕೇ ಬೇಕು. ಅಜಥಯೋಪ್ರಿನ್ ಒಳ್ಳೆಯ ಬಿಳಿ ರಕ್ತಕಣಗಳನ್ನೂ ಬೀಳಿಸಬಲ್ಲದು. ಇದನ್ನು ಒಡೆದು ಹೊರಹಾಕುವ ಟಿಪಿಎಂಟಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಪಶ್ಚಿಮದ ಪುಸ್ತಕಗಳೆಲ್ಲ ಅದನ್ನೇ ಹೇಳುತ್ತವೆ. ನಮ್ಮ ಏಷ್ಯಾದವರಲ್ಲಿ ಹೆಚ್ಚು ತೊಂದರೆ ಕೊಡುವುದು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ವ್ಯತ್ಯಾಸ. ಪ್ಯಾಕೇಜಿನಲ್ಲಿ ಟಿಪಿಎಂಟಿ ಒಂದನ್ನೇ ಇಟ್ಟು 'ಎಲ್ಲಾ ಸರಿ ಇದೆ' ಎಂದರೆ ಅದು ನಮಗೆ ಅರ್ಧ ಉತ್ತರ. ಜೀನ್ ಪರೀಕ್ಷೆ ಆಗಲಿ ಬಿಡಲಿ, ಶುರುವಿನಲ್ಲಿ ವಾರ ಎರಡು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆ ತಪ್ಪಿಸಬಾರದು. ಬಿಸಿಲಿಗೆ ಚರ್ಮ ಸೂಕ್ಷ್ಮವಾಗುತ್ತದೆ, ತೋಟಕ್ಕೆ ಹೋಗುವವರು ತುಂಬುತೋಳು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಯೂರಿಕ್ ಆ್ಯಸಿಡ್ಡಿಗೆ ಕೊಡುವ ಅಲೊಪ್ಯುರಿನಾಲ್. ಅಜಥಯೋಪ್ರಿನ್ ನುಂಗುವವರಿಗೆ ಅದನ್ನು ಮಾಮೂಲಿ ಡೋಸಿನಲ್ಲಿ ಜೊತೆಗೆ ಕೊಟ್ಟರೆ ಔಷಧಿ ಒಳಗೇ ಜಮೆಯಾಗಿ ಅಸ್ಥಿಮಜ್ಜೆ ಕುಸಿಯುತ್ತದೆ. ಒಬ್ಬರು ಕಾಲು ನೋವಿಗೆಂದು ಬೇರೆ ಡಾಕ್ಟರ ಹತ್ತಿರ ಹೋಗಿ ಅದೇ ಚೀಟಿ ಹಿಡಿದು ನನ್ನ ಅಂಗಡಿಗೆ ಬಂದಿದ್ದರು. ಹಳೇ ಚೀಟಿ ನನ್ನ ನೆನಪಿನಲ್ಲಿತ್ತು, ಕೊಡಲಿಲ್ಲ, ಅಲ್ಲಿಂದಲೇ ಫೋನ್ ಹಚ್ಚಿದೆ. ದೊಡ್ಡ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡು ಎಲ್ಲಾ ಡಾಕ್ಟರಿಗೂ ತೋರಿಸಿ ಮಾರಾಯ್ರೆ. ಅಜಥಯೋಪ್ರಿನ್ನಿಗೆ ನನ್ನ ಕಡೆಯಿಂದ ನಾಲ್ಕೂವರೆ. ಅರ್ಧ ಕಳೆದದ್ದು ವಾಕರಿಕೆಗೆ.

ಮೂರನೆಯದು ಕ್ಯಾಲ್ಸಿಯಂ ಮತ್ತು ಡಿ3. ಸ್ಟೀರಾಯ್ಡ್ ಎಲುಬನ್ನು ತೆಳ್ಳಗೆ ಮಾಡುತ್ತದೆ, ಅದಕ್ಕೆ ಇದು. ದೊಡ್ಡ ಗಾತ್ರ, ಗಂಟಲಿಗೆ ಅಡ್ಡ. ಬೇರೇನೂ ಹೇಳಲು ಇಲ್ಲ.

ನನ್ನ ಡಬ್ಬಿಯಲ್ಲಿ ಇಲ್ಲದ್ದನ್ನೂ ಜನ ಕೇಳುತ್ತಾರೆ. ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡಿನ ಸುಮಾರು ಶೇಕಡಾ 90 ಲಿವರಿನಲ್ಲೇ ಕರಗಿಹೋಗುವುದರಿಂದ ಮುಖ ಉಬ್ಬುವುದು, ಸಕ್ಕರೆ ಏರುವುದು ಕಡಿಮೆ. ಆದರೆ ಸಿರೋಸಿಸ್ ಇದ್ದವರಿಗೆ ಅದು ಆಗಿಬರುವುದಿಲ್ಲ, ಲಿವರ್ ಹಿಡಿದಿಡದೆ ಎಲ್ಲಾ ಮೈಗೆ ಬಿಡುತ್ತದೆ. ಮೈಕೊಫಿನೊಲೇಟ್ ಅಜಥಯೋಪ್ರಿನ್ ಒಗ್ಗದವರಿಗೆ ಒಳ್ಳೆಯದು, ಬಸುರಿಯಾಗುವ ವಯಸ್ಸಿನವರು ಮಾತ್ರ ಬಹಳ ಎಚ್ಚರ, ಮಗುವಿಗೆ ಅಂಗವೈಕಲ್ಯ ತರಬಹುದು. ಟ್ಯಾಕ್ರೊಲಿಮಸ್ ಐಎಲ್-2 ಹುಟ್ಟುವ ಜಾಗಕ್ಕೇ ಕೈ ಹಾಕುತ್ತದೆ. ಅದನ್ನು ಬರೆದ ಚೀಟಿ ನಮ್ಮ ಊರಿಗೆ ಬರುವುದೇ ಅಪರೂಪ.

ಈಗ ನಾನು ಮಾರದ ವಸ್ತು. ಅಮೃತಬಳ್ಳಿಯ ಮಾತ್ರೆ, ಜ್ಯೂಸು, ಪುಡಿ, ಕಷಾಯ, ಒಟ್ಟಿನಲ್ಲಿ 'ಇಮ್ಯುನಿಟಿ ಬೂಸ್ಟರ್' ಎಂದು ಹಸಿರು ಲೇಬಲ್ಲಿನಲ್ಲಿ ಬರುವುದೆಲ್ಲ. 2020ರಲ್ಲಿ ಇದನ್ನು ಕೇಳದೆ ಅಂಗಡಿ ಮೆಟ್ಟಿಲು ಇಳಿದವರಿಲ್ಲ. ನನಗಂತೂ ಉಪದೇಶವೇ ಉಪದೇಶ, ಇಮ್ಯುನಿಟಿ ತಗ್ಗಿಸುವ ಮಾತ್ರೆ ನುಂಗುವವಳು ಎಂದು ಗೊತ್ತಿದ್ದವರಿಂದ ಇನ್ನೂ ಹೆಚ್ಚು. 'ನಿಂಗೆ ಶಕ್ತಿ ಕಡಿಮೆ ಇದ್ದು, ದಿನಾ ಒಂದು ಲೋಟ ಕುಡಿ. ನಮ್ಮ ಬೇಲಿ ಮೇಲೆ ಬೇಕಾದಷ್ಟು ಹಬ್ಬಿದ್ದು, ಕೊಯ್ದು ಕಳಿಸ್ತೆ' ಎಂದು ಅತ್ತೆಯ ತಂಗಿ ಫೋನಿನಲ್ಲಿ. ಪ್ರೀತಿಯಿಂದಲೇ ಹೇಳಿದ್ದು. ನಾನು 'ಆತು ಚಿಕ್ಕತ್ತೆ' ಎಂದು ಫೋನಿಟ್ಟೆ. ಕುಡಿಯಲಿಲ್ಲ.

ಯಾಕೆ ಎಂಬುದಕ್ಕೆ ಆಗ ನನ್ನ ಹತ್ತಿರ ಇದ್ದದ್ದು ಬರೀ ತರ್ಕ. ಈ ಬಳ್ಳಿಯ ಪಾಲಿಸ್ಯಾಕರೈಡು ಪ್ರಯೋಗಾಲಯದಲ್ಲಿ ಮ್ಯಾಕ್ರೊಫೇಜ್ ಎಂಬ ನಿರೋಧಕ ಕೋಶಗಳನ್ನು ಕೆರಳಿಸುತ್ತದೆ, ಅದೂ ಎನ್‌ಎಫ್ ಕಪ್ಪಾ-ಬಿ ದಾರಿಯಿಂದಲೇ. ಬೆಳಿಗ್ಗೆ ಎಂಟಕ್ಕೆ ಪ್ರೆಡ್ನಿಸೋಲೋನ್ ನುಂಗಿ ಅದುಮಿದ ಸ್ವಿಚ್ಚನ್ನು ಎಂಟೂವರೆಗೆ ಕಷಾಯ ಕುಡಿದು ಎತ್ತುವುದು ಯಾವ ಲೆಕ್ಕ? ಆಮೇಲೆ 2021ರಲ್ಲಿ ಮುಂಬೈಯ ವೈದ್ಯರು, ಹಿಂದಿನ ವರ್ಷ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟು ಬಂದ ಆರು ಜನರ ವಿವರ ಪ್ರಕಟಿಸಿದರು. ಚಿತ್ರ ಆಟೋಇಮ್ಯೂನ್ ಹೆಪಟೈಟಿಸಿನ ಹಾಗೆಯೇ ಇತ್ತು. 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜನ ತಿಂದದ್ದು ಅಸಲಿ ಅಮೃತಬಳ್ಳಿಯೋ, ಅದನ್ನೇ ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿಯೋ ಎಂದು ಮೊದಲು ನೋಡಬೇಕಿತ್ತು, ಅಮೃತಬಳ್ಳಿ ಸುರಕ್ಷಿತ ಎಂದಿತು. ಬಳ್ಳಿ ಗುರುತಿನ ಪ್ರಶ್ನೆ ಸುಳ್ಳಲ್ಲ, ಬೇಲಿ ಮೇಲಿನದನ್ನು ನಾನೂ ಎಲೆ ನೋಡಿ ಗ್ಯಾರಂಟಿ ಕೊಡಲಾರೆ. ಆದರೆ ಕೊಳ್ಳುವವಳಿಗೆ ಆ ಉತ್ತರದಿಂದ ಏನು ಸಿಕ್ಕಿತು? ಡಬ್ಬಿಯೊಳಗೆ ಯಾವುದಿದೆ ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಕೌಂಟರಿನ ಮೇಲಿಡುವುದಿಲ್ಲ.

ಇನ್ನೊಂದು ಮಾತು, ನಾಟಿ ಔಷಧಿಗೆ ಸಂಬಂಧಿಸಿದ್ದು. ನಮ್ಮ ಕಡೆ ಕಾಮಾಲೆ ಅಂದ ಕೂಡಲೇ ನೆಲನೆಲ್ಲಿ, ಪಥ್ಯ, ಉಪ್ಪು ಬಿಡಿಸುವುದು. ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಔಷಧಿ ಕೊಟ್ಟವರಿಗೆ ಬರುತ್ತದೆ. ಅದಿರಲಿ. ತೊಂದರೆ ಬರುವುದು ನನ್ನಂಥವರಿಗೆ. ಈ ಕಾಯಿಲೆಯೂ ಏರಿಳಿಯುತ್ತದೆ. ಔಷಧಿಯೇ ಇಲ್ಲದೆ ಕೆಲವು ವಾರ ಹಳದಿ ಇಳಿದು, ವಾಸಿಯಾಯಿತು ಎಂದು ತೋರಿಸಿ, ಒಳಗೆ ನಾರು ನೇಯುತ್ತಲೇ ಇರುತ್ತದೆ. ಮುಂದೆ ಹೊಟ್ಟೆಯಲ್ಲಿ ನೀರು ತುಂಬಿದಾಗ ಗೊತ್ತಾಗುವುದು. ಆದ್ದರಿಂದ ಯಾವ ವೈದ್ಯರ ಹತ್ತಿರ ಹೋದರೂ ಹೋಗಿ, ಹಳದಿ ಹೋದ ಮೂರು ತಿಂಗಳಿಗೆ ಒಮ್ಮೆ ಎಸ್‌ಜಿಪಿಟಿ ಮಾಡಿಸಿ. ವಿಶೇಷವಾಗಿ ಹೆಂಗಸರು, ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ಪಟ್ಟು. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಕೊನೆಗೆ ರಕ್ತ ಪರೀಕ್ಷೆ ಮಾಡಿಸುವುದೂ ಅವರದ್ದೇ.

ಅಮೃತಬಳ್ಳಿಯ ಡಬ್ಬಿಗೆ ಸೊನ್ನೆ. ಉಳಿದವರಿಗೆ ಆಗಬಹುದೋ ಏನೋ, ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಅರ್ಧ ಸ್ಟಾರನ್ನೂ ಕೊಡುವುದಿಲ್ಲ.

'ಯಾವಾಗ ನಿಲ್ಲಿಸ್ತೀರಿ ಅಕ್ಕಾ?' ಎಂದು ಕೇಳುತ್ತಾರೆ. ಎಸ್‌ಜಿಪಿಟಿ, ಐಜಿಜಿ ಎರಡೂ ಸರಿಯಾದ ಮೇಲೂ ಕನಿಷ್ಠ ಎರಡು ವರ್ಷ ಔಷಧಿ ಮುಂದುವರಿಸಬೇಕು. ಆಮೇಲೆ ನಿಲ್ಲಿಸಿ ನೋಡಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮತ್ತೆ ಕೆರಳುತ್ತದೆ. ನನ್ನ ಪ್ರೆಡ್ನಿಸೋಲೋನ್ ನಿಂತಿದೆ, ಮುಖ ಹಳೇ ಆಕಾರಕ್ಕೆ ಬಂದಿದೆ. ಅಜಥಯೋಪ್ರಿನ್ ನಡೆದಿದೆ, ನಿಲ್ಲಿಸುವ ಆತುರ ನನಗೂ ಇಲ್ಲ, ಡಾಕ್ಟರಿಗೂ ಇಲ್ಲ.

ಕೊಳ್ಳುವವರಿಗೆ ಕೊನೆಯ ಸೂಚನೆ. ಪ್ರೆಡ್ನಿಸೋಲೋನ್ ಯಾವ ಹಳ್ಳಿಯಲ್ಲೂ ಸಿಗುತ್ತದೆ. ಅಜಥಯೋಪ್ರಿನ್ ಹಾಗಲ್ಲ, ಸಣ್ಣ ಊರುಗಳಲ್ಲಿ ಹೇಳಿ ತರಿಸಬೇಕು, ಮಳೆಗಾಲದಲ್ಲಿ ಲೋಡು ತಡವಾಗುತ್ತದೆ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ನಿಮ್ಮ ಅಂಗಡಿಯವರಿಗೆ ಹೇಳಿಡಿ. ಸಾಗರದವರಾದರೆ ನನ್ನಲ್ಲಿ ಬನ್ನಿ, ಚೀಟಿ ತನ್ನಿ. ಸ್ಟಾಕ್ ಯಾವತ್ತೂ ಇರುತ್ತದೆ, ಮಾಲಕಿಗೇ ಬೇಕಲ್ಲ.